ಮಿರರ್‌ಲೆಸ್ ಕ್ಯಾಮೆರಾ ಫೋಕಸ್ ಹಿಡಿಯುತ್ತಿಲ್ಲವೇ? ಮೊದಲು ವ್ಯೂಫೈಂಡರ್ ವಿಚಾರಿಸಿ

"ಕ್ಯಾಮೆರಾ ಫೋಕಸ್ ಹಿಡೀತಿಲ್ಲ." ಈ ಒಂದು ಮಾತಿನ ಹಿಂದೆ ಕಡಿಮೆ ಅಂದ್ರೂ ನಾಲ್ಕು ಬೇರೆ ಬೇರೆ ದೂರುಗಳು ಅಡಗಿರುತ್ತವೆ. ಲೆನ್ಸ್ ಅಲುಗಾಡುವುದೇ ಇಲ್ಲ ಎಂಬುದು ಒಂದು. ಹಿಂದೆ ಮುಂದೆ ತಡಕಾಡುತ್ತದೆ, ಎಲ್ಲೂ ನಿಲ್ಲುವುದಿಲ್ಲ ಎಂಬುದು ಇನ್ನೊಂದು. ಹಸಿರು ಚೌಕ ಬಂತು, ಬೀಪ್ ಕೂಡ ಆಯಿತು, ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನೋಡಿದರೆ ಫೋಟೋ ಸಾಫ್ಟ್, ಅಂದರೆ ಮಸುಕು ಮಸುಕು ಎಂಬುದು ಮೂರನೆಯದು. ನಾಲ್ಕನೆಯದಕ್ಕೂ ಫೋಕಸ್‌ಗೂ ಸಂಬಂಧವೇ ಇಲ್ಲ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಎಳೆಯುತ್ತದೆ, ಅಂದರೆ ಚಿತ್ರ ತಡವಾಗಿ ಬರುತ್ತದೆ, ಕಾಳು ಕಾಳಾಗಿ ಕಾಣುತ್ತದೆ, ನೋಡುವವರಿಗೆ ಫೋಕಸ್ ಹೋಗಿದೆ ಅನ್ನಿಸುತ್ತದೆ. ನಾಲ್ಕಕ್ಕೂ ಮದ್ದು ಬೇರೆ. ಯಾವುದು ಎಂದು ಗೊತ್ತಾಗುವ ಮುಂಚೆ ಮೆನುವಿನಲ್ಲಿ ಕೈ ಹಾಕಿದರೆ, ಇದ್ದ ಒಂದು ತೊಂದರೆ ಎರಡಾಗುತ್ತದೆ ಅಷ್ಟೇ.

ಈ ಗೊಂದಲ ಡಿಎಸ್‌ಎಲ್‌ಆರ್ ಕಾಲದಲ್ಲಿ ಇಷ್ಟು ಇರಲಿಲ್ಲ. ಅಲ್ಲಿ ಕನ್ನಡಿಯಿಂದ ಬಂದ ಬೆಳಕನ್ನು ಕಣ್ಣು ನೇರವಾಗಿ ನೋಡುತ್ತಿತ್ತು. ಫೋಕಸ್‌ಗೆ ಕನ್ನಡಿಯ ಕೆಳಗೆ ಬೇರೆಯದೇ ಒಂದು ಸೆನ್ಸರ್ ಕೂತಿರುತ್ತಿತ್ತು. ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯೇ ಇಲ್ಲ, ಫೋಟೋ ತೆಗೆಯುವ ಸೆನ್ಸರ್ ಒಂದೇ ಮೂರೂ ಕೆಲಸ ಮಾಡಬೇಕು. ಚಿತ್ರ ಹಿಡಿಯಬೇಕು, ಫೋಕಸ್ ಲೆಕ್ಕ ಹಾಕಬೇಕು, ವ್ಯೂಫೈಂಡರ್‌ಗೆ ವಿಡಿಯೋ ಕಳಿಸಬೇಕು. ಬೆಳಕು ಕಡಿಮೆಯಾದರೆ ಫೋಕಸ್ ಮತ್ತು ವ್ಯೂಫೈಂಡರ್ ಎರಡೂ ಒಟ್ಟಿಗೆ ಸೊರಗುತ್ತವೆ. ನಾವು ಕಣ್ಣಿಟ್ಟು ನೋಡುವುದು ಚಿಕ್ಕ ಟಿವಿಯನ್ನು. ಆ ಟಿವಿ ಹೇಳುವುದೆಲ್ಲ ನಿಜ ಎಂದುಕೊಂಡರೆ ಎಡವುತ್ತೇವೆ.

ಕ್ಯಾಮೆರಾ ಎಷ್ಟು ಹಳೆಯದು ಎಂಬುದೂ ಮುಖ್ಯ. 2008ರಲ್ಲಿ ಬಂದ ಪ್ಯಾನಸೋನಿಕ್ ಜಿ1ನಿಂದ ಈ ಕ್ಯಾಮೆರಾಗಳ ಕಥೆ ಶುರು. ಆಗ ಇದ್ದದ್ದು ಕಾಂಟ್ರಾಸ್ಟ್ (ಬೆಳಕು ನೆರಳಿನ ವ್ಯತ್ಯಾಸ) ನೋಡಿ ಫೋಕಸ್ ಮಾಡುವ ವಿಧಾನ. ಲೆನ್ಸ್ ಸರಿಯಾದ ಜಾಗ ದಾಟಿ ಹೋಗಿ, ಮತ್ತೆ ವಾಪಸ್ ಬಂದರೇನೇ ಅದಕ್ಕೆ ಗೊತ್ತಾಗುವುದು. ಫೇಸ್ ಡಿಟೆಕ್ಟ್ (phase detect, ಮುಖ ಗುರುತಿಸುವ ಫೇಸ್ ಅಲ್ಲ) ಇದ್ದರೆ ಯಾವ ಕಡೆಗೆ, ಎಷ್ಟು ಸರಿಯಬೇಕು ಎಂದು ಮೊದಲೇ ತಿಳಿಯುತ್ತದೆ. ಪ್ಯಾನಸೋನಿಕ್ ತನ್ನ ಲೂಮಿಕ್ಸ್ ಬಾಡಿಗಳಿಗೆ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವೇ ಬಾಡಿ) ಇದನ್ನು ತಂದದ್ದು 2023ರ ಎಸ್5 2ರಲ್ಲಿ. ಅದಕ್ಕಿಂತ ಹಳೆಯ ಲೂಮಿಕ್ಸ್ ಇಟ್ಟುಕೊಂಡು "ಫೋಕಸ್ ಆಗುವಾಗ ಹಿನ್ನೆಲೆ ಒಂದು ಕ್ಷಣ ನಡುಗುತ್ತದೆ" ಎಂದರೆ ಅದು ದೋಷವಲ್ಲ, ಅದರ ಗುಣ. ರಿಪೇರಿಗೆ ದುಡ್ಡು ಹಾಕಬೇಡಿ.

ಗೋಡೆಗೆ ಒಂದು ಹಳೆ ಪೇಪರ್

ಯಾವ ದೂರೇ ಇರಲಿ, ಮೊದಲು ಈ ಪರೀಕ್ಷೆ ಮಾಡಿ. ಹಗಲು ಹೊತ್ತಿನಲ್ಲಿ, ಕಿಟಕಿ ಬೆಳಕು ಚೆನ್ನಾಗಿ ಬೀಳುವ ಗೋಡೆಗೆ ಹಳೆಯ ದಿನಪತ್ರಿಕೆಯ ಒಂದು ಹಾಳೆ ಅಂಟಿಸಿ. ಜಾಹೀರಾತಿನ ಪುಟ ಬೇಡ, ಅಕ್ಷರ ಜಾಸ್ತಿ ಇರುವ ಪುಟ ಇರಲಿ. ಎರಡು ಮೂರು ಮೀಟರ್ ದೂರದಲ್ಲಿ ಟ್ರೈಪಾಡ್ ಇಟ್ಟು, ಕ್ಯಾಮೆರಾ ಪೇಪರ್‌ಗೆ ನೇರವಾಗಿ ನಿಲ್ಲುವ ಹಾಗೆ ನೋಡಿಕೊಳ್ಳಿ. ಅಪರ್ಚರ್, ಅಂದರೆ ಲೆನ್ಸ್ ಒಳಗಿನ ಬೆಳಕಿನ ಕಿಂಡಿ, ಪೂರ್ತಿ ತೆರೆಯಿರಿ. ಶಟರ್ 1/250 ಸೆಕೆಂಡಿಗಿಂತ ನಿಧಾನ ಬೇಡ. ಸ್ಟೆಬಿಲೈಸರ್ ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಹಾಕಿ. ಲೆನ್ಸ್ ಮೇಲೆ ಯುವಿ ಫಿಲ್ಟರ್ ಇದ್ದರೆ ಬಿಚ್ಚಿಡಿ.

ಈಗ ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಮೆನು ಬಟನ್ ಒತ್ತಿ. ಮೆನುವಿನ ಅಕ್ಷರಗಳು ಚೂಪಾಗಿ ಕಾಣುತ್ತಿವೆಯೇ? ಅವೇ ಮಸುಕಾಗಿದ್ದರೆ ಲೆನ್ಸ್‌ಗೂ ಫೋಕಸ್‌ಗೂ ಏನೂ ಆಗಿಲ್ಲ. ವ್ಯೂಫೈಂಡರ್ ಪಕ್ಕದಲ್ಲಿರುವ ಪುಟ್ಟ ಡಯಾಪ್ಟರ್ ಚಕ್ರ ಬ್ಯಾಗಿನೊಳಗೆ ಉಜ್ಜಿಕೊಂಡು ತಿರುಗಿದೆ. ಮೆನು ಅಕ್ಷರ ನೋಡುತ್ತಲೇ ಅದನ್ನು ತಿರುಗಿಸಿ ಸರಿಮಾಡಿ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಮಾಡಿ, ಇಲ್ಲವೇ ಯಾವಾಗಲೂ ತೆಗೆದೇ ಮಾಡಿ. ಒಂದು ದಿನ ಹಾಗೆ, ಒಂದು ದಿನ ಹೀಗೆ ಆದರೆ ಕೆಲಸ ಕೆಡುತ್ತದೆ. ದೃಶ್ಯ ನೋಡಿ ಡಯಾಪ್ಟರ್ ಹೊಂದಿಸಬೇಡಿ. ದೃಶ್ಯವೇ ಔಟ್ ಆಫ್ ಫೋಕಸ್ ಇದ್ದರೆ ತಪ್ಪಿನ ಮೇಲೆ ತಪ್ಪು ಕೂರುತ್ತದೆ.

ಮುಂದೆ ಫೋಟೋಗಳು. ಪ್ರತಿ ಸಲ ಫೋಕಸ್ ರಿಂಗ್ ತಿರುಗಿಸಿ ಬೇಕಂತಲೇ ಕೆಡಿಸಿ, ಆಮೇಲೆ ಆಟೋಫೋಕಸ್ ಮಾಡಿಸಿ ಒಂದು ಫೋಟೋ ತೆಗೆಯಿರಿ. ಇಂಥ ಐದಾರು ಫೋಟೋ ಸಾಕು. ಕೊನೆಗೆ ಮ್ಯಾನುಯಲ್ ಫೋಕಸ್‌ಗೆ ಬದಲಿಸಿ, ವ್ಯೂಫೈಂಡರ್‌ನಲ್ಲಿ ಅಕ್ಷರವನ್ನು ದೊಡ್ಡದು ಮಾಡಿ ನೋಡುತ್ತಾ, ಕೈಯಿಂದಲೇ ಫೋಕಸ್ ಮಾಡಿ ಒಂದೆರಡು ತೆಗೆಯಿರಿ. ಎಲ್ಲವನ್ನೂ ಕಂಪ್ಯೂಟರ್‌ಗೆ ಹಾಕಿ ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿ.

ಎರಡೂ ಶಾರ್ಪ್ ಆಗಿದ್ದರೆ ಕ್ಯಾಮೆರಾ, ಲೆನ್ಸ್ ಎರಡೂ ಆರೋಗ್ಯವಾಗಿವೆ. ತೊಂದರೆ ಇರುವುದು ನೀವು ತೆಗೆಯುವ ಜಾಗದ ಬೆಳಕಿನಲ್ಲಿ ಅಥವಾ ಸೆಟ್ಟಿಂಗ್‌ನಲ್ಲಿ. ಕೈಯಲ್ಲಿ ಫೋಕಸ್ ಮಾಡಿದ್ದು ಮಾತ್ರ ಶಾರ್ಪ್, ಆಟೋದಲ್ಲಿ ತೆಗೆದದ್ದು ಒಂದೊಂದೂ ಒಂದೊಂದು ಥರ ಎಂದರೆ ಆಟೋಫೋಕಸ್ ಮೇಲೆ ಅನುಮಾನ ಪಡಬಹುದು. ಎರಡೂ ಸಾಫ್ಟ್ ಆಗಿದ್ದರೆ ಗಾಜಿನದೇ ತಪ್ಪು. ಪೇಪರ್‌ನ ಒಂದು ಬದಿ ಶಾರ್ಪ್, ಇನ್ನೊಂದು ಬದಿ ಕಲಸಿದ ಹಾಗೆ ಇದ್ದರೆ ಮೊದಲು ಕ್ಯಾಮೆರಾ ಓರೆಯಾಗಿದೆಯೇ ನೋಡಿ. ಓರೆ ಇಲ್ಲ ಎಂದಾದರೆ ಲೆನ್ಸ್ ಒಳಗಿನ ಗಾಜು ತನ್ನ ಜಾಗ ಬಿಟ್ಟು ಸರಿದಿದೆ. ಎಲ್ಲಾದರೂ ಬಿದ್ದ ಲೆನ್ಸ್‌ನಲ್ಲಿ ಇದು ಮಾಮೂಲು.

ಇಲ್ಲಿ ಡಿಎಸ್‌ಎಲ್‌ಆರ್ ಕಾಲದ ಒಂದು ಅಭ್ಯಾಸ ಬಿಡಬೇಕು. ಫ್ರಂಟ್ ಫೋಕಸ್, ಬ್ಯಾಕ್ ಫೋಕಸ್ (ಫೋಕಸ್ ಬೇಕಾದ ಜಾಗದ ಮುಂದೆ ಅಥವಾ ಹಿಂದೆ ಕೂರುವುದು) ಎಂದು ಮೆನುವಿನಲ್ಲಿ ಅದನ್ನು ಸರಿಪಡಿಸುವ ಮೈಕ್ರೋ ಅಡ್ಜಸ್ಟ್‌ಮೆಂಟ್ ಹುಡುಕುವುದು. ಅಲ್ಲಿ ಫೋಕಸ್ ಸೆನ್ಸರ್ ಬೇರೆ, ಫೋಟೋ ಸೆನ್ಸರ್ ಬೇರೆ ಇದ್ದುದರಿಂದ ಅದು ಬೇಕಿತ್ತು. ಇಲ್ಲಿ ಎರಡೂ ಒಂದೇ, ಹಾಗಾಗಿ ಆ ದಾರಿ ಹಿಡಿಯುವ ಅಗತ್ಯ ತೀರಾ ಅಪರೂಪ.

ವ್ಯೂಫೈಂಡರ್‌ನ ಕಾಟಗಳು

ವ್ಯೂಫೈಂಡರ್ ಪೂರ್ತಿ ಕಪ್ಪು, ಹಿಂದಿನ ಸ್ಕ್ರೀನ್ ಮಾತ್ರ ಬರುತ್ತಿದೆ ಎಂದರೆ ಪ್ಯಾನಲ್ ಸುಟ್ಟಿದೆ ಎಂದು ಹೆದರಬೇಡಿ. ಕಣ್ಣಿಡುವ ಜಾಗದ ಹತ್ತಿರ ಒಂದು ಸಣ್ಣ ಕಪ್ಪು ಕಿಟಕಿ ಇದೆಯಲ್ಲ, ಅದು ಐ ಸೆನ್ಸರ್. ಬೆವರು, ಧೂಳು, ಮಳೆ ಹನಿ ಕೂತರೆ ಅದಕ್ಕೆ ಕಣ್ಣು ಬಂದದ್ದು ಹೋದದ್ದು ತಿಳಿಯುವುದಿಲ್ಲ. ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಮಡಚುವ ಸ್ಕ್ರೀನನ್ನು ಹೊರಗೆ ಎಳೆದಿದ್ದರೆ ಕೆಲವು ಬಾಡಿಗಳು ತಾವಾಗಿಯೇ ವ್ಯೂಫೈಂಡರ್‌ಗೆ ಬದಲಾಗುವುದಿಲ್ಲ. ಅದನ್ನೂ ಒಳಗೆ ಮಡಚಿ ನೋಡಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಕ್ಯಾಮೆರಾ ಉದ್ದಕ್ಕೆ ತಿರುಗಿಸಿದ ತಕ್ಷಣ ಕತ್ತಲಾಯಿತು ಎಂದರೆ ಕಾರಣ ಕನ್ನಡಕದಲ್ಲೇ ಇದೆ.

ಸ್ಟುಡಿಯೋದಲ್ಲಿ ಕತ್ತಲು ಕಾಣುವುದು ಬೇರೆ ಕಥೆ. ಫ್ಲ್ಯಾಶ್ ಲೈಟ್ ಹಾಕಿ ಮ್ಯಾನುಯಲ್‌ನಲ್ಲಿ 1/125, ಎಫ್/8, ಐಎಸ್‌ಒ 100 ಇಟ್ಟಿರುತ್ತೀರಿ. ಫ್ಲ್ಯಾಶ್ ಹೊಡೆಯದೆ ಇದ್ದರೆ ಈ ಎಕ್ಸ್‌ಪೋಷರ್‌ನಲ್ಲಿ ಕೋಣೆ ಕಪ್ಪೇ. ವ್ಯೂಫೈಂಡರ್ ಪ್ರಾಮಾಣಿಕವಾಗಿ ಅದನ್ನೇ ತೋರಿಸುತ್ತಿದೆ. ಸೋನಿಯಲ್ಲಿ ಲೈವ್ ವ್ಯೂ ಡಿಸ್‌ಪ್ಲೇಯಲ್ಲಿ 'ಸೆಟ್ಟಿಂಗ್ ಎಫೆಕ್ಟ್ ಆಫ್' ಮಾಡಿ. ಕ್ಯಾನನ್‌ನಲ್ಲಿ 'ಎಕ್ಸ್‌ಪೋಷರ್ ಸಿಮ್ಯುಲೇಶನ್' ನಿಲ್ಲಿಸಿ. ಫ್ಯೂಜಿಯಲ್ಲಿ ಮ್ಯಾನುಯಲ್ ಮೋಡ್‌ನ ಎಕ್ಸ್‌ಪೋಷರ್ ಪ್ರಿವ್ಯೂ ಆಫ್ ಮಾಡಿ. ಹೊರಗೆ ಹೋಗುವಾಗ ಮತ್ತೆ ಆನ್ ಮಾಡುವುದು ಮರೆಯಬೇಡಿ. ಮರೆತರೆ ವ್ಯೂಫೈಂಡರ್‌ನಲ್ಲಿ ಎಲ್ಲ ಚಂದ ಕಾಣುತ್ತದೆ, ಫೋಟೋ ಮಾತ್ರ ಕಗ್ಗತ್ತಲು.

ಎಳೆಯುವ ವ್ಯೂಫೈಂಡರ್‌ಗೆ ಬರೋಣ. ಜಾಸ್ತಿ ಕೇಳಿಬರುವ ದೂರು ಇದೇ. ವ್ಯೂಫೈಂಡರ್ ಸೆಕೆಂಡಿಗೆ 120 ಚಿತ್ರ ತೋರಿಸಬೇಕಾದರೆ ಒಂದೊಂದು ಚಿತ್ರಕ್ಕೆ ಸೆನ್ಸರ್‌ಗೆ ಸಿಗುವ ಸಮಯ ಹೆಚ್ಚೆಂದರೆ 1/120 ಸೆಕೆಂಡು. ಬಿಸಿಲಲ್ಲಿ ಇಷ್ಟು ಬೇಕಾದಷ್ಟಾಯಿತು. ಸಂಜೆ ಸಾಲುವುದಿಲ್ಲ. ಆಗ ಕ್ಯಾಮೆರಾ ಎರಡರಲ್ಲಿ ಒಂದು ಮಾಡುತ್ತದೆ. ಸಿಗ್ನಲ್ ಹಿಗ್ಗಿಸಿ ಕಾಳು ಕಾಳಾದ ಚಿತ್ರ ತೋರಿಸುತ್ತದೆ, ಇಲ್ಲವೇ ಸೆಕೆಂಡಿಗೆ ತೋರಿಸುವ ಚಿತ್ರಗಳನ್ನೇ ಇಳಿಸುತ್ತದೆ. ಎರಡನೆಯದನ್ನೇ ನಾವು ಎಳೆತ ಅನ್ನುವುದು. ಸೆಟ್ಟಿಂಗ್ ಎಫೆಕ್ಟ್ ಆನ್ ಇದ್ದು ಶಟರ್ 1/8 ಥರ ನಿಧಾನವಾಗಿದ್ದರೆ ಕೆಲವು ಬಾಡಿಗಳಲ್ಲಿ ಇದು ಇನ್ನೂ ಕೆಡುತ್ತದೆ.

ಪತ್ತೆ ಹಚ್ಚುವುದು ಸುಲಭ. ಅದೇ ಕ್ಯಾಮೆರಾ, ಅದೇ ಲೆನ್ಸ್ ಹಿಡಿದು ಬಿಸಿಲಿಗೆ ಬನ್ನಿ, ಅತ್ತಿತ್ತ ಪ್ಯಾನ್ ಮಾಡಿ. ಎಳೆತ ಮಾಯವಾದರೆ ಬೆಳಕಿನ ಅಭಾವ. ಬಿಸಿಲಲ್ಲೂ ಎಳೆಯುತ್ತಿದ್ದರೆ ಮೆನುವಿನಲ್ಲಿ ಪವರ್ ಸೇವಿಂಗ್ ನೋಡಿ. ಕ್ಯಾನನ್‌ನಲ್ಲಿ ಡಿಸ್‌ಪ್ಲೇ ಪರ್ಫಾರ್ಮೆನ್ಸ್ 'ಸ್ಮೂತ್' ಮಾಡಿ, ಫ್ಯೂಜಿಯಲ್ಲಿ 'ಬೂಸ್ಟ್' ಹಾಕಿ, ಸೋನಿಯಲ್ಲಿ ಫೈಂಡರ್ ಫ್ರೇಮ್ ರೇಟ್ 'ಹೈ' ಮಾಡಿ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಇನ್ನೊಂದು ಇಟ್ಟುಕೊಳ್ಳಿ. ಬ್ಯಾಟರಿ ತಳ ಮುಟ್ಟಿದಾಗ, ಕ್ಯಾಮೆರಾ ಬಿಸಿಯಾದಾಗಲೂ ಕೆಲವು ಬಾಡಿಗಳು ವ್ಯೂಫೈಂಡರ್ ವೇಗ, ಬೆಳಕು ಇಳಿಸುತ್ತವೆ. ಹಾಗಾಗಿ ತುಂಬಿದ ಬ್ಯಾಟರಿ ಹಾಕಿ ನೋಡದೆ ತೀರ್ಪು ಕೊಡಬೇಡಿ.

ವೇಗ ಹೆಚ್ಚಿಸಿದ ಮೇಲೆ ಚಿತ್ರ ಸ್ವಲ್ಪ ಒರಟಾಯಿತು ಎಂಬ ಹೊಸ ದೂರು ಬರಬಹುದು. ಬಾಕ್ಸ್ ಮೇಲೆ 23.6 ಲಕ್ಷ ಡಾಟ್ ಎಂದು ಬರೆದಿದ್ದರೆ ಅದು ನಿಜಕ್ಕೂ 1024x768 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಡಾಟ್ ಎಣಿಸುತ್ತಾರೆ. 57.6 ಲಕ್ಷ ಡಾಟ್ ಅಂದರೆ 1600x1200. ಕೆಲವು ಬಾಡಿಗಳು ಹೈ ಫ್ರೇಮ್ ರೇಟ್‌ನಲ್ಲಿ ಈ ಪೂರ್ತಿ ಪಿಕ್ಸೆಲ್ ಬಳಸುವುದಿಲ್ಲ. ಇನ್ನು ಕೆಲವು, ಶಟರ್ ಅರ್ಧ ಒತ್ತಿ ಫೋಕಸ್ ಮಾಡುವಾಗ ಚಿತ್ರದ ಗುಣಮಟ್ಟ ಇಳಿಸುತ್ತವೆ. ಅರ್ಧ ಒತ್ತಿದ ಕೂಡಲೇ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ "ಫೋಕಸ್ ಜಾರಿತು" ಎಂದುಕೊಳ್ಳುವವರು ಬಹಳ. ಫೋಟೋ ನೋಡಿ ಹೇಳಿ.

ಬರ್ಸ್ಟ್ (ಒಂದರ ಹಿಂದೆ ಒಂದು ಸತತ ಫೋಟೋ) ಹೊಡೆಯುವಾಗ ಹಾರುವ ಹಕ್ಕಿ ಫ್ರೇಮಿನಿಂದ ತಪ್ಪಿಹೋಗುತ್ತದೆ ಎಂಬುದಕ್ಕೂ ವ್ಯೂಫೈಂಡರ್ರೇ ಕಾರಣ ಇರಬಹುದು. ಹಲವು ಬಾಡಿಗಳು ಅತಿ ಹೆಚ್ಚಿನ ಬರ್ಸ್ಟ್‌ನಲ್ಲಿ ಈಗಿನ ದೃಶ್ಯ ತೋರಿಸುವುದಿಲ್ಲ, ಆಗಷ್ಟೇ ತೆಗೆದ ಫೋಟೋ ತೋರಿಸುತ್ತವೆ. ಹಕ್ಕಿ ಮುಂದೆ ಹೋಗಿರುತ್ತದೆ, ನೀವು ಹಿಂದಿನ ಚಿತ್ರ ನೋಡಿಕೊಂಡು ಕ್ಯಾಮೆರಾ ತಿರುಗಿಸುತ್ತಿರುತ್ತೀರಿ. ಸೋನಿ ಎ7 3ರಲ್ಲಿ ಹೈ ಪ್ಲಸ್ ಮೋಡ್ ಸೆಕೆಂಡಿಗೆ 10 ಫ್ರೇಮ್ ಕೊಡುತ್ತದೆ, ಆದರೆ ಲೈವ್ ದೃಶ್ಯ ಬೇಕಾದರೆ ಒಂದು ಮೆಟ್ಟಿಲು ಕೆಳಗಿಳಿದು ಹೈ ಮೋಡ್‌ನ 8ಕ್ಕೆ ಬರಬೇಕು. ಎರಡು ಫ್ರೇಮ್ ಹೋದರೆ ಹೋಗಲಿ, ಹಕ್ಕಿ ಫ್ರೇಮಿನಲ್ಲಿರುತ್ತದೆ. 2017ರ ಸೋನಿ ಎ9ರ ಸ್ಟ್ಯಾಕ್ಡ್ ಸೆನ್ಸರ್ ಸೆಕೆಂಡಿಗೆ 20 ಫ್ರೇಮ್ ತೆಗೆಯುತ್ತಲೂ ಕಣ್ಣೆದುರು ಕತ್ತಲಾಗದಂತೆ ಮಾಡಿತು. ಅಂಥ ಸೆನ್ಸರ್ ಇಲ್ಲದ ಬಾಡಿಯಿಂದ ಅದನ್ನು ನಿರೀಕ್ಷಿಸಬಾರದು.

ವ್ಯೂಫೈಂಡರ್‌ನಲ್ಲಿ ಎಲ್ಲಿ ನೋಡಿದರೂ ಒಂದೇ ಜಾಗದಲ್ಲಿ ಕಲೆ ಅಥವಾ ಗೆರೆ, ಫೋಟೋದಲ್ಲಿ ಇಲ್ಲ, ಲೆನ್ಸ್ ಬದಲಿಸಿದರೂ ಹೋಗುವುದಿಲ್ಲ ಎಂದರೆ ಅದು ಬಿಸಿಲಿನ ಗಾಯ. ಕ್ಯಾಮೆರಾವನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೋ ಬಂಡೆ ಮೇಲೋ ಸುಮ್ನೆ ಇಟ್ಟಿರುತ್ತೀರಿ. ಕಣ್ಣಿಡುವ ಗಾಜು ಸೂರ್ಯನ ಕಡೆಗಿದ್ದರೆ ಅದೇ ಭೂತಗನ್ನಡಿಯಾಗಿ ಒಳಗಿನ ಪ್ಯಾನಲ್ ಸುಡುತ್ತದೆ. ಇದಕ್ಕೆ ಸೆಟ್ಟಿಂಗ್ ಇಲ್ಲ, ಪ್ಯಾನಲ್ ಬದಲಿಸಬೇಕು ಅಷ್ಟೇ.

ಲೆನ್ಸ್ ಅಲುಗಾಡುವುದೇ ಇಲ್ಲ

ಮೊದಲು ಲೆನ್ಸ್ ಮೇಲಿನ ಎಎಫ್/ಎಂಎಫ್ (ಆಟೋಫೋಕಸ್/ಮ್ಯಾನುಯಲ್ ಫೋಕಸ್) ಸ್ವಿಚ್. ಹೌದು, ಎಲ್ಲರಿಗೂ ಗೊತ್ತು. ಆದರೂ ಮೊದಲು ಅದನ್ನೇ ನೋಡಿ. ಒಲಿಂಪಸ್ 12-40 ಪ್ರೊ ಥರದ ಲೆನ್ಸ್‌ನಲ್ಲಿ ಸ್ವಿಚ್ಚೇ ಇರುವುದಿಲ್ಲ. ಫೋಕಸ್ ರಿಂಗನ್ನು ಹಿಂದಕ್ಕೆ ಎಳೆದರೆ ಮ್ಯಾನುಯಲ್ ಆಗಿಬಿಡುತ್ತದೆ.

ಸೆಕೆಂಡ್ ಹ್ಯಾಂಡ್ ಬಾಡಿ ತಂದ ಮೊದಲ ದಿನವೇ ಫೋಕಸ್ ಇಲ್ಲ ಎಂದರೆ ಹಿಂದಿನ ಮಾಲೀಕರು ಬ್ಯಾಕ್ ಬಟನ್ ಫೋಕಸ್ ಬಳಸುತ್ತಿದ್ದಿರಬಹುದು. ಶಟರ್ ಬಟನ್‌ನಿಂದ ಫೋಕಸ್ ತೆಗೆದುಹಾಕಿ, ಹಿಂದಿನ ಎಎಫ್-ಆನ್ ಬಟನ್‌ಗೆ ಕೊಟ್ಟಿರುತ್ತಾರೆ. ಹೆಬ್ಬೆರಳಲ್ಲಿ ಎಎಫ್-ಆನ್ ಒತ್ತಿ ನೋಡಿ. ಲೆನ್ಸ್ ಓಡಿದರೆ ರೋಗ ಸಿಕ್ಕಿತು.

ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಆಗಿದ್ದರೆ ಫೋಕಸ್ ಲಿಮಿಟರ್ (ಎಷ್ಟು ದೂರದೊಳಗೆ ಫೋಕಸ್ ಹುಡುಕಬೇಕೆಂದು ಹೇಳುವ ಸ್ವಿಚ್) ನೋಡಿ. ಸೋನಿ 200-600ರಲ್ಲಿ ಮೂರು ಜಾಗ ಇವೆ: ಪೂರ್ತಿ, 10 ಮೀಟರ್‌ನಿಂದ ಆಚೆ, 10ರಿಂದ 2.4 ಮೀಟರ್. ಎರಡನೆಯದರಲ್ಲಿ ಇಟ್ಟು ಎದುರಿನ ಪೊದೆಯಲ್ಲಿ ಕೂತ ಸೂರಕ್ಕಿಗೆ ಫೋಕಸ್ ಮಾಡಿದರೆ ಲೆನ್ಸ್ ಆ ಕಡೆ ತಿರುಗಿಯೂ ನೋಡುವುದಿಲ್ಲ. ಕ್ಯಾನನ್ ಆರ್‌ಎಫ್ 100-500ರಲ್ಲಿ ಈ ಗೆರೆ 3 ಮೀಟರ್, ನಿಕಾನ್ ಝಡ್ 180-600ರಲ್ಲಿ 6 ಮೀಟರ್. ಮೇಲಿನ ಪೇಪರ್ ಪರೀಕ್ಷೆಯನ್ನು ಇಂಥ ಲೆನ್ಸ್‌ನಲ್ಲಿ ಮಾಡುವಾಗ ಲಿಮಿಟರ್ ತೆಗೆದು, ಪೇಪರ್‌ನಿಂದ ಇನ್ನಷ್ಟು ಹಿಂದೆ ಸರಿಯಿರಿ.

ಲೆನ್ಸ್ ಇದೆ, ಅಪರ್ಚರ್ ಜಾಗದಲ್ಲಿ ಬರೀ ಗೆರೆ ಬರುತ್ತಿದೆ, ಅಥವಾ ಒಮ್ಮೆ ಬರುತ್ತದೆ ಒಮ್ಮೆ ಹೋಗುತ್ತದೆ ಎಂದರೆ ಚಿನ್ನದ ಬಣ್ಣದ ಪಿನ್‌ಗಳನ್ನು ನೋಡಿ. ಕ್ಯಾಮೆರಾ ಆಫ್ ಮಾಡಿ, ಲೆನ್ಸ್ ಬಿಚ್ಚಿ, ಲೆನ್ಸ್ ಕಡೆಯ ಪಿನ್‌ಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಹೋಗದಿದ್ದರೆ ಬಟ್ಟೆಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿಕೊಳ್ಳಿ. ಉಪ್ಪುಕಾಗದ, ರಬ್ಬರ್ ಹತ್ತಿರಕ್ಕೂ ತರಬೇಡಿ. ಕ್ಯಾಮೆರಾ ಕಡೆಯ ಪಿನ್‌ಗಳಿಗೆ ಸ್ಪ್ರಿಂಗ್ ಇರುತ್ತದೆ. ಒಂದು ಪಿನ್ ಒಳಗೇ ಕೂತುಬಿಟ್ಟಿದ್ದರೆ ಪಕ್ಕದವುಗಳ ಜೊತೆ ಹೋಲಿಸಿದಾಗ ಕಣ್ಣಿಗೇ ಕಾಣುತ್ತದೆ.

ಅಡಾಪ್ಟರ್ ಹಾಕಿದವರಿಗೆ ಒಂದು ಮಾತು. ನಿಕಾನ್ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಮೋಟಾರ್ ಇಲ್ಲ. ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು, ಎಷ್ಟು ಒರೆಸಿದರೂ ಅಷ್ಟೇ. ಬೇರೆ ಕಂಪನಿಯ ಲೆನ್ಸ್, ಹೊಸ ಬಾಡಿ ಆಗಿದ್ದರೆ ಲೆನ್ಸ್‌ನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಇದೆಯೇ ನೋಡಿ. ಬಾಡಿ ಅಪ್‌ಡೇಟ್ ಮಾಡಿದ ಮೇಲೆ ತೊಂದರೆ ಶುರುವಾಗಿದ್ದರೆ ಮೊದಲ ಅನುಮಾನ ಅದರ ಮೇಲೇ.

ತಡಕಾಟ: ಕಲ್ಯಾಣ ಮಂಟಪದ ಕಾಯಿಲೆ

ಮನೆಯಲ್ಲಿ ಚೆನ್ನಾಗಿದ್ದ ಕ್ಯಾಮೆರಾ ಮದುವೆಯಲ್ಲಿ ಕೈಕೊಡುತ್ತದೆ. ಯಾಕೆ ಅಂದರೆ, ಆಟೋಫೋಕಸ್‌ಗೆ ಆಗದ ವಸ್ತುಗಳೆಲ್ಲ ಅಲ್ಲಿ ಒಂದೇ ಸೂರಿನಡಿ ಇರುತ್ತವೆ.

ಮೊದಲನೆಯದು ಅಪರ್ಚರ್. ಡಿಎಸ್‌ಎಲ್‌ಆರ್ ಯಾವಾಗಲೂ ಅಪರ್ಚರ್ ಪೂರ್ತಿ ತೆರೆದು ಫೋಕಸ್ ಮಾಡುತ್ತಿತ್ತು. ಸೋನಿಯ ಹಲವು ಬಾಡಿಗಳು ಸೆಟ್ಟಿಂಗ್ ಎಫೆಕ್ಟ್ ಆನ್ ಇದ್ದಾಗ ನೀವು ಇಟ್ಟ ಅಪರ್ಚರ್‌ನಲ್ಲೇ ಫೋಕಸ್ ಮಾಡುತ್ತವೆ. ನಿಕಾನ್ ಝಡ್ ಬಾಡಿಗಳು ಎಫ್/5.6ರವರೆಗೆ ಮುಚ್ಚಿ ಅಲ್ಲಿಗೆ ನಿಲ್ಲುತ್ತವೆ. ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಗ್ರೂಪ್ ಫೋಟೋಗೆಂದು ಎಫ್/11 ಇಟ್ಟರೆ, ಎಫ್/2.8ಕ್ಕೆ ಹೋಲಿಸಿದರೆ ಸೆನ್ಸರ್‌ಗೆ ಬರುವ ಬೆಳಕು ಹದಿನಾರನೇ ಒಂದು ಭಾಗ. ಅದರ ಮೇಲೆ ಫೇಸ್ ಡಿಟೆಕ್ಟ್ ಲೆನ್ಸ್‌ನ ಎರಡು ಬದಿಯಿಂದ ಬರುವ ಚಿತ್ರ ಹೋಲಿಸಿ ನೋಡುವ ವಿಧಾನ. ಕಿಂಡಿ ಚಿಕ್ಕದಾದಷ್ಟೂ ಆ ಎರಡು ಚಿತ್ರಗಳ ವ್ಯತ್ಯಾಸ ಕಡಿಮೆ. ಪರೀಕ್ಷೆ: ಅಪರ್ಚರ್ ಎಫ್/2.8ಕ್ಕೋ ಎಫ್/4ಕ್ಕೋ ತನ್ನಿ, ಬೇರೇನೂ ಮುಟ್ಟಬೇಡಿ. ತಡಕಾಟ ನಿಂತರೆ ಇದೇ ಕಾರಣ. ಸೆಟ್ಟಿಂಗ್ ಎಫೆಕ್ಟ್ ಆಫ್ ಮಾಡಿಯೂ ನೋಡಿ. ಅದೂ ಆಗದಿದ್ದರೆ ತೆರೆದ ಅಪರ್ಚರ್‌ನಲ್ಲಿ ಫೋಕಸ್ ಮಾಡಿ, ಲಾಕ್ ಮಾಡಿ, ಆಮೇಲೆ ಎಫ್/11ಕ್ಕೆ ಹೋಗಿ.

ಬ್ರೋಷರ್‌ನಲ್ಲಿ "ಮೈನಸ್ 6 ಇವಿವರೆಗೆ ಫೋಕಸ್" ಎಂದು ಬರೆದದ್ದನ್ನು (ಇವಿ ಬೆಳಕಿನ ಅಳತೆ, ಅಂಕಿ ಇಳಿದಷ್ಟೂ ಕತ್ತಲು) ನಂಬಿ ಕ್ಯಾಮೆರಾ ಕೊಂಡಿರುತ್ತೇವೆ, ಅಲ್ವಾ? ಕ್ಯಾನನ್ ಆರ್5ರ ಆ ಅಂಕಿ ಎಫ್/1.2 ಲೆನ್ಸ್ ಹಾಕಿದಾಗಿನದು. ಕೈಯಲ್ಲಿರುವ ಕಿಟ್ ಲೆನ್ಸ್ ಎಫ್/5.6 ಆಗಿದ್ದರೆ ನಾಲ್ಕೂವರೆ ಸ್ಟಾಪ್‌ನಷ್ಟು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಬೆಳಕು ಅಲ್ಲೇ ಹೋಯಿತು. ಕ್ಯಾಮೆರಾ ಸುಳ್ಳು ಹೇಳಿಲ್ಲ, ಕೆಳಗಿನ ಸಣ್ಣ ಅಕ್ಷರ ನಾವು ಓದಿಲ್ಲ.

ಎರಡನೆಯದು ಗೆರೆಗಳ ದಿಕ್ಕು. ಹೆಚ್ಚಿನ ಬಾಡಿಗಳ ಫೇಸ್ ಡಿಟೆಕ್ಟ್ ಪಿಕ್ಸೆಲ್‌ಗಳು ಎಡ ಬಲ ಜೋಡಿಯಾಗಿರುತ್ತವೆ. ನಿಂತ ಗೆರೆ ಅವಕ್ಕೆ ಚೆನ್ನಾಗಿ ಕಾಣುತ್ತದೆ, ಮಲಗಿದ ಗೆರೆ ಕಾಣುವುದಿಲ್ಲ. ಧಾರೆಗೆ ನಿಂತ ವರನ ಶಲ್ಯದ ಅಡ್ಡ ಅಂಚಿಗೆ ಚೌಕ ಇಟ್ಟಿರುತ್ತೀರಿ, ಲೆನ್ಸ್ ಹೋಗಿ ಬರುತ್ತಲೇ ಇರುತ್ತದೆ. ಕ್ಯಾಮೆರಾವನ್ನು ಸ್ವಲ್ಪ ಓರೆ ಮಾಡಿ, ಇಲ್ಲವೇ ಉದ್ದಕ್ಕೆ ತಿರುಗಿಸಿ. ಟಕ್ ಎಂದು ಹಿಡಿದರೆ ಕ್ಯಾಮೆರಾ ಸರಿಯಾಗೇ ಇದೆ. 2022ರ ಓಎಂ-1, 2024ರ ಕ್ಯಾನನ್ ಆರ್1 ಎರಡೂ ದಿಕ್ಕು ನೋಡುತ್ತವೆ.

ಮೂರನೆಯದು ಅಂತರಪಟ. ಬಿಳಿ ಬಟ್ಟೆ, ಮಧ್ಯದಲ್ಲಿ ಒಂದು ಸ್ವಸ್ತಿಕ, ಸುತ್ತ ಏನೂ ಇಲ್ಲ. ಬರೀ ಬಿಳಿಯಲ್ಲಿ ಹೋಲಿಸಿ ನೋಡಲು ಏನೂ ಇಲ್ಲ, ಹಾಗಾಗಿ ತಡಕಾಟ. ಅಂತರಪಟ ಸರಿದು ಜೀರಿಗೆ ಬೆಲ್ಲ ಬೀಳುವ ಆ ಎರಡು ಮೂರು ಸೆಕೆಂಡಿನಲ್ಲಿ ಕ್ಯಾಮೆರಾ ಇನ್ನೂ ಬಟ್ಟೆ ಹುಡುಕುತ್ತಿದ್ದರೆ ಆರ್ಡರ್‌ನ ಮುಖ್ಯ ಫೋಟೋ ಹೋಯಿತು. ಬಟ್ಟೆಯ ಅಂಚಿನ ಮೇಲುಗಡೆ ಕಾಣುವ ಮುಖಕ್ಕೋ ಬಾಸಿಂಗಕ್ಕೋ ಮೊದಲೇ ಫೋಕಸ್ ಮಾಡಿ, ಎಎಫ್-ಆನ್ ಬಿಟ್ಟು ಕಾಯಿರಿ. ಅಕ್ಷತೆ ಬೀಳುವಾಗ ಬೇರೆ ತೊಂದರೆ. ಗಾಳಿಯಲ್ಲಿರುವ ಅಕ್ಕಿ ಕಾಳಿಗೆ ಫೋಕಸ್ ಓಡುತ್ತದೆ. ಟ್ರ್ಯಾಕಿಂಗ್ ಸೆನ್ಸಿಟಿವಿಟಿಯನ್ನು ನಿಧಾನದ ಕಡೆಗೆ ಇಡಿ. ಸೋನಿಯಲ್ಲಿ 1, 'ಲಾಕ್ಡ್ ಆನ್' ಕಡೆಗೆ. ನಿಕಾನ್‌ನಲ್ಲಿ ಉಲ್ಟಾ, 5ರ ಕಡೆಗೆ ಹೋಗಬೇಕು. ಕ್ಯಾನನ್‌ನಲ್ಲಿ 'ಕೇಸ್ 2'. ಅಡ್ಡ ಬಂದದ್ದನ್ನು ಲೆಕ್ಕಿಸದೆ ಹಿಡಿದ ಮುಖವನ್ನೇ ಹಿಡಿದುಕೊಳ್ಳುವುದಕ್ಕೆ ಇರುವ ಸೆಟ್ಟಿಂಗ್ ಅದು.

ಕೊನೆಗೆ ಎಲ್‌ಇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಸಾಮಾನ್ಯ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ವ್ಯೂಫೈಂಡರ್‌ನಲ್ಲಿ ಅಡ್ಡ ಪಟ್ಟೆಗಳು ಹರಿದಾಡುತ್ತಿದ್ದರೆ ಶಟರ್ 1/100ಕ್ಕೋ 1/50ಕ್ಕೋ ತನ್ನಿ, ಇಲ್ಲವೇ ಆ್ಯಂಟಿ ಫ್ಲಿಕರ್ ಹಾಕಿ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ. ಪಟ್ಟೆ ಹೋದ ಕೂಡಲೇ ಫೋಕಸ್ ಕೂಡ ಶಾಂತವಾಗುವುದನ್ನು ಕಾಣಬಹುದು. ಪಟ್ಟೆ ಚಿತ್ರದ ಮೇಲೆ ಓಡಾಡುತ್ತಿದ್ದರೆ ಸೆನ್ಸರ್ ಅದನ್ನೂ ದೃಶ್ಯದ ಭಾಗ ಎಂದು ತಿಳಿಯುತ್ತದೆ. ರಿಸೆಪ್ಷನ್ ಸ್ಟೇಜಿನ ಹಿಂದಿನ ಎಲ್‌ಇಡಿ ವಾಲ್ ಬೇರೆ ವೇಗದಲ್ಲಿ ಮಿನುಗುತ್ತದೆ. ಅದಕ್ಕೆ 100 ಹರ್ಟ್ಸ್‌ನ ಆ್ಯಂಟಿ ಫ್ಲಿಕರ್ ನಾಟುವುದಿಲ್ಲ. ಶಟರ್ ವೇಗವನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಿಸುವ ಸೌಲಭ್ಯ ಬಾಡಿಯಲ್ಲಿದ್ದರೆ ಬಳಸಿ, ಇಲ್ಲದಿದ್ದರೆ ಜೋಡಿಯ ಮುಖಕ್ಕೆ ಪ್ರತ್ಯೇಕ ಲೈಟ್ ಹಾಕಿಸಿ.

ಹಳೆಯ ಡಿಎಸ್‌ಎಲ್‌ಆರ್ ಫ್ಲ್ಯಾಶ್‌ನ ಕೆಂಪು ಗೆರೆಗಳ ಎಎಫ್ ಲೈಟ್ ಹೆಚ್ಚಿನ ಮಿರರ್‌ಲೆಸ್ ಬಾಡಿಗಳಿಗೆ ಉಪಯೋಗಕ್ಕೆ ಬರುವುದಿಲ್ಲ. ಫ್ಲ್ಯಾಶ್ ಕೆಟ್ಟಿದೆ ಎಂದು ಬದಲಿಸಲು ಹೋಗಬೇಡಿ.

ಚೌಕ ಹಸಿರು, ಫೋಟೋ ಸಾಫ್ಟ್

ಪೇಪರ್ ಪರೀಕ್ಷೆಯಲ್ಲಿ ಪಾಸಾದ ಕ್ಯಾಮೆರಾ ಹೊರಗೆ ಸಾಫ್ಟ್ ಫೋಟೋ ಕೊಟ್ಟರೆ, ಮೊದಲು ಫೋಟೋದಲ್ಲಿ ಬೇರೆ ಎಲ್ಲಾದರೂ ಶಾರ್ಪ್ ಇದೆಯೇ ಹುಡುಕಿ. ಹಕ್ಕಿಯ ಹಿಂದಿನ ರೆಂಬೆ ಶಾರ್ಪ್ ಇದ್ದರೆ ಫೋಕಸ್ ಬೇರೆ ಕಡೆ ಕೂತಿದೆ. ಎಲ್ಲೂ ಶಾರ್ಪ್ ಇಲ್ಲ, ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಎಳೆದಿವೆ ಎಂದರೆ ಕೈ ಅಲುಗಿದೆ ಅಥವಾ ಶಟರ್ ನಿಧಾನ. ಎಲ್ಲೂ ಶಾರ್ಪ್ ಇಲ್ಲ, ದಿಕ್ಕೂ ಇಲ್ಲ ಎಂದರೆ ಗಾಳಿಯನ್ನು ನೋಡಬೇಕು.

ಗಾಳಿ ಎಂದೆ. ರಂಗನತಿಟ್ಟಿನಲ್ಲಿ ಮಧ್ಯಾಹ್ನ ದೋಣಿಯಿಂದ ದೂರದ ಬಂಡೆ ಮೇಲಿನ ಬಣ್ಣದ ಕೊಕ್ಕರೆಗೆ 600 ಎಂಎಂ ಹಿಡಿದು ನೋಡಿ. ವ್ಯೂಫೈಂಡರ್‌ನಲ್ಲಿ ದೊಡ್ಡದು ಮಾಡಿದರೆ ಕೊಕ್ಕಿನ ಅಂಚು ಕುದಿಯುವ ಹಾಗೆ ಅಲೆಯಾಡುತ್ತದೆ. ಕಾದ ಬಂಡೆಯ ಮೇಲಿನ ಬಿಸಿಗಾಳಿ ಅದು. ಒಂದೇ ಬರ್ಸ್ಟ್‌ನಲ್ಲಿ ಒಂದು ಫ್ರೇಮ್ ಚೆನ್ನಾಗಿ, ಮುಂದಿನದು ಕಲಸಿ, ಮತ್ತೊಂದು ಚೆನ್ನಾಗಿ ಬಂದರೆ ಇದೇ ಎನ್ನಬಹುದು. ಎಷ್ಟು ದುಬಾರಿ ಲೆನ್ಸ್ ಆದರೂ ಇದಕ್ಕೆ ಪರಿಹಾರ ಇಲ್ಲ. ಬೆಳಗಿನ ಮೊದಲ ದೋಣಿಗೆ ಹೋಗಬೇಕು, ಹಕ್ಕಿ ಹತ್ತಿರ ಇದ್ದಾಗ ತೆಗೆಯಬೇಕು. ಚಳಿಗಾಲದ ಬೆಳಿಗ್ಗೆ ಕಾರಿನ ಹೀಟರ್ ಹಾಕಿ ಕಿಟಕಿಯಿಂದ ಲೆನ್ಸ್ ಹೊರಗಿಟ್ಟರೂ ಇದೇ ಆಗುತ್ತದೆ. ಒಳಗಿನ ಬೆಚ್ಚನೆ ಗಾಳಿ ಲೆನ್ಸ್ ಮುಂದೆಯೇ ಹರಿಯುತ್ತಿರುತ್ತದೆ.

ಫೋಕಸ್ ಬೇರೆ ಕಡೆ ಕೂರುವುದಕ್ಕೆ ಕಾರಣಗಳು ಸಾದಾ. ಏನನ್ನು ಗುರುತಿಸಬೇಕೆಂದು ಹೇಳುವ ಸಬ್ಜೆಕ್ಟ್ ಡಿಟೆಕ್ಷನ್ 'ಹ್ಯೂಮನ್'ನಲ್ಲೇ ಉಳಿದಿರುತ್ತದೆ, ಎದುರಿಗೆ ಮಿಂಚುಳ್ಳಿ. ಎಎಫ್-ಎಸ್ (ಒಂದು ಸಲ ಫೋಕಸ್ ಮಾಡಿ ನಿಲ್ಲುವ ಮೋಡ್) ಹಾಕಿ ಓಡುವ ಮಗುವನ್ನು ಹಿಡಿಯಲು ಹೊರಟಿರುತ್ತೇವೆ. ಸ್ಕ್ರೀನ್ ಮುಟ್ಟಿ ಫೋಕಸ್ ಚೌಕ ಸರಿಸುವ ಟಚ್ ಪ್ಯಾಡ್ ಆನ್ ಇದ್ದು, ಎಡಗಣ್ಣಲ್ಲಿ ನೋಡುವವರ ಮೂಗು ಸ್ಕ್ರೀನ್‌ಗೆ ತಾಗಿ ಫೋಕಸ್ ಚೌಕ ಮೂಲೆಗೆ ಓಡಿರುತ್ತದೆ. ಚೌಕ ತಾನಾಗಿಯೇ ಓಡಾಡುತ್ತದೆ ಎಂದು ಹೇಳುವವರಿಗೆ ನನ್ನ ಮೊದಲ ಪ್ರಶ್ನೆ, "ಯಾವ ಕಣ್ಣು?" ಟಚ್ ಪ್ಯಾಡ್ ಆಫ್ ಮಾಡಿ, ಇಲ್ಲವೇ ಸ್ಕ್ರೀನಿನಲ್ಲಿ ಮೂಗು ತಾಗದ ಭಾಗಕ್ಕೆ ಮಾತ್ರ ಇಡಿ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಎಎಫ್-ಸಿಯಲ್ಲಿ (ಬಿಡದೆ ಫೋಕಸ್ ಮಾಡುತ್ತಲೇ ಇರುವ ಮೋಡ್) ನಿಕಾನ್ ಥರದ ಬಾಡಿಗಳು ಅಂಗಡಿಯಿಂದ ಬರುವಾಗಲೇ 'ರಿಲೀಸ್ ಪ್ರಯಾರಿಟಿ'ಯಲ್ಲಿರುತ್ತವೆ. ಅಂದರೆ, ಫೋಕಸ್ ಕೂತಿರಲಿ ಬಿಡಲಿ, ಬಟನ್ ಒತ್ತಿದ ಕೂಡಲೇ ಫೋಟೋ. ಬರ್ಸ್ಟ್‌ನ ಮೊದಲ ಒಂದೆರಡು ಫ್ರೇಮ್ ಸಾಫ್ಟ್, ಆಮೇಲೆಲ್ಲ ಸರಿ ಎಂಬ ಲಕ್ಷಣ ಕಂಡರೆ ಇದನ್ನು 'ಫೋಕಸ್'ಗೆ ಬದಲಿಸಿ ನೋಡಿ. ಫ್ರೇಮ್‌ಗಳ ವೇಗ ಸ್ವಲ್ಪ ಇಳಿಯುತ್ತದೆ. ಹಕ್ಕಿಗೆ ನಾನು ಫೋಕಸ್ ಇಡುತ್ತೇನೆ, ಜೀರಿಗೆ ಬೆಲ್ಲಕ್ಕೆ ರಿಲೀಸ್. ಸ್ವಲ್ಪ ಸಾಫ್ಟ್ ಇದ್ದರೂ ಆ ಕ್ಷಣ ಸಿಗಬೇಕು.

ಅಗ್ಗದ ಯುವಿ ಫಿಲ್ಟರ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಉದ್ದ ಟೆಲಿ ಲೆನ್ಸ್ ಮುಂದೆ ಅದು ಇದ್ದರೆ ಮೊದಲು ಬಿಚ್ಚಿ, ಆಮೇಲೆ ಮಾತಾಡೋಣ.

ರಿಪೇರಿಗೆ ಕೊಡುವ ಮುಂಚೆ

ಕ್ಯಾಮೆರಾ ಆಫ್ ಇರುವಾಗ ಲೆನ್ಸ್ ಅಲುಗಾಡಿಸಿದರೆ ಒಳಗೆ ಟಕ ಟಕ ಸದ್ದು ಬರುತ್ತದೆಯೇ? ಲೀನಿಯರ್ ಮೋಟಾರ್ ಇರುವ ಕೆಲವು ಲೆನ್ಸ್‌ಗಳಲ್ಲಿ ಕರೆಂಟ್ ಇಲ್ಲದಾಗ ಫೋಕಸ್ ಗಾಜು ಸಡಿಲವಾಗೇ ಇರುತ್ತದೆ. ಬಾಡಿಯೊಳಗೆ ಸ್ಟೆಬಿಲೈಸರ್ ಇದ್ದರೆ ಸೆನ್ಸರ್ ಕೂಡ ಹಾಗೇ. ಆನ್ ಮಾಡಿದ ಮೇಲೆ ಸದ್ದು ನಿಂತರೆ ಚಿಂತೆ ಇಲ್ಲ. ಆನ್ ಇದ್ದಾಗಲೂ ಕಿರ್ ಎನ್ನುವುದು, ಒಂದು ದೂರದವರೆಗೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುವುದು, ಜೂಮ್‌ನ ಒಂದು ಜಾಗದಲ್ಲಿ ಮಾತ್ರ ಎರರ್ ಬರುವುದು, ಇವು ನಿಜವಾದ ರೋಗ. ಜೂಮ್ ಮಾಡಿದಾಗ ಬಂದು ಹೋಗುವ ಎರರ್‌ಗೆ ಒಳಗಿನ ಫ್ಲೆಕ್ಸ್ ಕೇಬಲ್ ಸವೆದಿರುವುದು ಕಾರಣ ಇರಬಹುದು.

ಸಾಧ್ಯವಾದರೆ ಗೆಳೆಯರ ಅದೇ ಮೌಂಟಿನ (ಲೆನ್ಸ್ ಬಾಡಿಗೆ ಸೇರುವ ಜಾಗದ) ಲೆನ್ಸ್ ನಿಮ್ಮ ಬಾಡಿಗೆ, ನಿಮ್ಮ ಲೆನ್ಸ್ ಅವರ ಬಾಡಿಗೆ ಹಾಕಿ ನೋಡಿ. ದೋಷ ಯಾವುದರ ಜೊತೆ ಹೋಗುತ್ತದೋ ರಿಪೇರಿ ಅದಕ್ಕೆ. ಎರಡರ ಜೊತೆಯೂ ಹೋಗದೆ, ಅವೆರಡು ಸೇರಿದಾಗ ಮಾತ್ರ ಬಂದರೆ ಫರ್ಮ್‌ವೇರ್ ಅಥವಾ ಮೌಂಟ್ ನೋಡಬೇಕು. ಆಗ ಲೆನ್ಸ್, ಬಾಡಿ ಎರಡನ್ನೂ ಕೊಡಿ.

ಸರ್ವಿಸ್ ಸೆಂಟರ್‌ಗೆ ಹೋಗುವಾಗ ಪೇಪರ್ ಪರೀಕ್ಷೆಯ ಫೋಟೋಗಳನ್ನು ಎಡಿಟ್ ಮಾಡದೆ, ಇದ್ದ ಹಾಗೇ ಒಂದು ಕಾರ್ಡ್‌ನಲ್ಲಿ ಕೊಡಿ. ವ್ಯೂಫೈಂಡರ್‌ನ ದೋಷ ಫೋಟೋದಲ್ಲಿ ಬರುವುದಿಲ್ಲ, ಅದಕ್ಕೆ ಫೋನ್ ಕ್ಯಾಮೆರಾವನ್ನು ಕಣ್ಣಿಡುವ ಜಾಗಕ್ಕೆ ಹಿಡಿದು ವಿಡಿಯೋ ಮಾಡಿ. ಐ ಸೆನ್ಸರ್ ಅಡ್ಡ ಬಂದರೆ ಮೆನುವಿನಲ್ಲಿ ಡಿಸ್‌ಪ್ಲೇಯನ್ನು ವ್ಯೂಫೈಂಡರ್‌ಗೆ ಮಾತ್ರ ಎಂದು ಇಟ್ಟುಕೊಳ್ಳಿ. ಅವರು ಮೊದಲು ಮಾಡುವ ಕೆಲಸ ಫ್ಯಾಕ್ಟರಿ ರೀಸೆಟ್. ಅದಕ್ಕೂ ಮುಂಚೆ ನೀವೇ ರೀಸೆಟ್ ಮಾಡಿ ನೋಡುವುದಿದ್ದರೆ, ನಿಮ್ಮ ಸೆಟ್ಟಿಂಗ್‌ಗಳನ್ನು ಕಾರ್ಡ್‌ಗೆ ಸೇವ್ ಮಾಡಿಕೊಳ್ಳಿ. ಸೇವ್ ಮಾಡುವ ಸೌಲಭ್ಯ ಇಲ್ಲದ ಬಾಡಿಯಾದರೆ ಮೆನುವಿನ ಒಂದೊಂದು ಪುಟವನ್ನೂ ಫೋನ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.